ಮುಟ್ಟಬಾರದ ಕೀಲಿಮಣೆ

ಆಸ್ಪತ್ರೆಯಿಂದ ಬಂದವಳನ್ನು ಅತ್ತೆ ಮತ್ತು ಗಂಡ ಸೇರಿ ಮಂಚದ ಮೇಲೆ ಬೋರಲಾಗಿ ಮಲಗಿಸಿದರು. ಕಣ್ಣಿನ ಒಳಪರದೆ ಕಳಚಿಕೊಂಡು ಶಸ್ತ್ರಚಿಕಿತ್ಸೆ ಆಗಿತ್ತು. ಕಣ್ಣೊಳಗೆ ತುಂಬಿಸಿದ ಅನಿಲದ ಗುಳ್ಳೆ ಆ ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಮುಖ ಕೆಳಗೇ ಇರಬೇಕು. ಎರಡೂ ಕಣ್ಣಿಗೆ ಪಟ್ಟಿ, ತಲೆ ಎತ್ತುವಂತಿಲ್ಲ. ಗಂಡ ಔಷಧಿ ತರಲು ಹೋದ.

ಅದೇ ಕೋಣೆಯ ಮೂಲೆಯಲ್ಲಿ ಅವಳ ಕಂಪ್ಯೂಟರ್ ಇತ್ತು. ಸಾವಿರಾರು ಎಲೆಗಳ ಚಿತ್ರಗಳಲ್ಲಿ ರೋಗದ ಚುಕ್ಕೆಗಳನ್ನು ಅಳೆಯಲು ಅವಳೇ ಬರೆದ ಪ್ರೋಗ್ರಾಂ ಅದರಲ್ಲಿ ನಡೆಯುತ್ತಿರಬೇಕಿತ್ತು. ಎರಡು ದಿನದ ಹಿಂದೆ ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಆಜ್ಞೆಯ ಕೊನೆಗೆ ಒಂದು ಪುಟ್ಟ ಚಿಹ್ನೆ ಸೇರಿಸಿ ಅದನ್ನು ಹಿನ್ನೆಲೆಗೆ ಕಳಿಸಿ ಎದ್ದಿದ್ದಳು. ಹಿನ್ನೆಲೆಗೆ ಹೋದ ಕೆಲಸ ಯಾರ ಮುಖವನ್ನೂ ನೋಡದೆ ತನ್ನ ಪಾಡಿಗೆ ತಾನು ನಡೆಯುತ್ತದೆ. ಮುಗಿಯಲು ಮೂರು ದಿನ ಬೇಕಾದ ಲೆಕ್ಕ ಅದು. ನಾಳೆ ಮಧ್ಯಾಹ್ನದೊಳಗೆ ಫಲಿತಾಂಶ ಪ್ರೊಫೆಸರ್ ಕೈ ಸೇರದಿದ್ದರೆ ಪ್ರಯೋಗಾಲಯದಲ್ಲಿ ಅವಳ ಜಾಗ ಇನ್ನೊಬ್ಬರಿಗೆ. ಅವಧಿಯನ್ನು ಆಗಲೇ ಎರಡು ಸಲ ಮುಂದೂಡಿದ್ದರು.

“ಹದ್ದಿನ ಹಾಗೆ ಕಾದಿದ್ದೀನಿ ಕಣೇ ನಿನ್ನ ಪೆಟ್ಟಿಗೇನ,” ಎಂದರು ಅತ್ತೆ. “ಕಸ ಗುಡಿಸೋಳನ್ನೂ ಆ ಕಡೆ ಬಿಟ್ಟಿಲ್ಲ. ನಿಮ್ಮ ಮಾವನ್ನ ಹೀಗೆ ಕಾದಿದ್ರೆ ಅವರು ಇಸ್ಪೀಟು ಕಲೀತಾನೇ ಇರ್ಲಿಲ್ಲ.”

ಅವಳು ದಿಂಬಿನೊಳಗೇ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಕಂಪ್ಯೂಟರ್ ಕೆಲಸದಲ್ಲಿದ್ದಾಗ ಅದರೊಳಗಿನ ಫ್ಯಾನಿನ ಸದ್ದಿನಲ್ಲಿ ಆ ನಲ್ಲಿಯ ಹನಿ ಎಂದೂ ಕೇಳುತ್ತಿರಲಿಲ್ಲ.

“ಅತ್ತೆ, ಅದು ಸದ್ದು ಮಾಡ್ತಿಲ್ವಲ್ಲ?”

“ಎಲ್ಲಿ ಮಾಡುತ್ತೆ? ಬಂಗಾರದಂಥದ್ದು. ನೀವು ಹೋದಾಗಿಂದ ತೆಪ್ಪಗಿದೆ.”

“ತಪ್ಪಾದ್ರೆ ಬರೋ ಕೆಂಪಕ್ಷರ ಬಂದಿಲ್ಲ ಅಂದ್ರಲ್ಲ ಫೋನಲ್ಲಿ?”

“ಕೆಂಪು ಇಲ್ಲ. ಇರೋದು ಬಿಳಿ.”

“ಓದಿ.”

ಅತ್ತೆ ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿ ಇಂಗ್ಲಿಷಿನ ಆ ಸಾಲನ್ನು ಓದಿದರು. ಹಳೆಯ ಫೈಲು ಇದೆ, ಅದರ ಮೇಲೆಯೇ ಬರೆಯಲೇ, ಹೌದೋ ಅಲ್ಲವೋ?

ಅದು ಅವಳದೇ ಪ್ರಶ್ನೆ. ಹಳೆಯ ಅಳತೆಗಳು ಅಳಿಸಿಹೋಗಬಾರದೆಂದು ತಾನೇ ಪ್ರೋಗ್ರಾಮಿನಲ್ಲಿ ಸೇರಿಸಿದ್ದಳು. ಹಿನ್ನೆಲೆಯಲ್ಲಿರುವ ಕೆಲಸಕ್ಕೆ ಕೀಲಿಮಣೆಯಿಂದ ಉತ್ತರ ಪಡೆಯುವ ಹಕ್ಕಿಲ್ಲ. ಪಡೆಯಲು ಹೊರಟರೆ ವ್ಯವಸ್ಥೆ ಅದನ್ನು ಇದ್ದಲ್ಲೇ ತಡೆದು ನಿಲ್ಲಿಸುತ್ತದೆ. ಯಾರಾದರೂ ಮುನ್ನೆಲೆಗೆ ಕರೆಯುವವರೆಗೆ ಅದು ಕದಲುವುದಿಲ್ಲ. ಅವಳು ಬಾಗಿಲು ದಾಟುವ ಮೊದಲೇ ಅದು ನಿಂತಿತ್ತು.

“ಏನೋ ಕೇಳ್ತಿದೆ ಅಂತ ನಂಗೂ ಅನ್ನಿಸ್ತು,” ಎಂದರು ಅತ್ತೆ. ದನಿ ಇಳಿದಿತ್ತು. “ಕೆಂಪು ಬಂದ್ರೆ ಮಾತ್ರ ಹೇಳಿ, ಬೇರೇನೂ ಮುಟ್ಟಬೇಡಿ ಅಂದಿದ್ಯಲ್ಲ. ‘ಹೂಂ’ ಅಂತ ಒತ್ತಿಬಿಟ್ಟಿದ್ರೆ ಆಗ್ತಿತ್ತೇನೇ?”

“ಇಲ್ಲ ಅತ್ತೆ. ಬರೀ ಅದನ್ನ ಒತ್ತಿದ್ರೆ ಅದಕ್ಕೆ ತಲುಪ್ತಾನೇ ಇರ್ಲಿಲ್ಲ.”

ಮಾತು ನಿಜವಾಗಿತ್ತು. ಆದರೂ ಅತ್ತೆ ನಂಬಿದರೋ ಇಲ್ಲವೋ ಅವಳಿಗೆ ಕಾಣುವಂತಿರಲಿಲ್ಲ.

ಅವಳು ಹೇಳಿದಂತೆ ಅತ್ತೆ ಎಫ್ ಹುಡುಕಿದರು, ಜಿ ಹುಡುಕಿದರು, ಎಂಟರ್ ಒತ್ತಿದರು. ಕೆಲಸ ಮುನ್ನೆಲೆಗೆ ಬಂತು. ಆಮೇಲೆ, ಹಳೆಯದು ಹೋದರೂ ಸರಿಯೆಂದು, ‘ಹೌದು’ ಎನ್ನುವ ವೈ ಒತ್ತಿ ಮತ್ತೆ ಎಂಟರ್. ಫ್ಯಾನು ಒಮ್ಮೆಲೇ ಭೋರ್ಗರೆಯಿತು.

“ಅಯ್ಯೋ, ಏನಾದ್ರೂ ಕೆಡ್ತಾ?”

“ಇಲ್ಲ, ಈಗ ಸರಿಯಾಗಿದೆ. ಸರ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ.”

ಪ್ರೊಫೆಸರ್ ಮೊದಲು ಕಣ್ಣಿನ ಬಗ್ಗೆ ವಿಚಾರಿಸಿದರು. ಅವಳು ದಿಂಬಿನ ಅಂಚಿನಿಂದ ನಡೆದದ್ದನ್ನೆಲ್ಲ ಹೇಳಿ, ಇನ್ನು ಮೂರು ದಿನ ಬೇಕು ಎಂದಳು.

“ಅಲ್ಲಮ್ಮಾ, ನಿನಗೆ ಹೀಗಾಗಿದೆ ಅಂತ ಗೊತ್ತಾದ ಕೂಡಲೇ ನಿನ್ನ ಭಾಗದ ಕೆಲಸ ಬೇರೆಯವರಿಗೆ ಕೊಟ್ಟೆ. ನಿನ್ನ ಜಾಗಕ್ಕೆ ಬರೋರು ಅವರೇ, ಅದೂ ಸಹಿ ಆಗೋಯ್ತು. ನನ್ನ ಕೈಯಲ್ಲಿ ಏನೂ ಇಲ್ಲ. ನೀನು ತಲೆ ಕೆಡಿಸ್ಕೋಬೇಡ, ರೆಸ್ಟ್ ತಗೋ.” ದನಿಯಲ್ಲಿ ಅಕ್ಕರೆಯೇ ಇತ್ತು. ಜಗಳವಾಡಲೂ ಅಲ್ಲಿ ಎಡೆಯಿರಲಿಲ್ಲ.

ಅಳಬಾರದೆಂದು ಡಾಕ್ಟರು ಹೇಳಿರಲಿಲ್ಲ, ಒರೆಸಿಕೊಳ್ಳಬಾರದೆಂದು ಹೇಳಿದ್ದರು. ಪಟ್ಟಿಯ ಹತ್ತಿ ಮೆಲ್ಲಗೆ ಒದ್ದೆಯಾಯಿತು.

“ಹಾಗಾದ್ರೆ ಇದನ್ನ ನಿಲ್ಲಿಸ್ಬಿಡ್ಲೇನೇ?” ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. “ಸುಮ್ನೆ ಒದ್ದಾಡ್ತಿದೆ ಪಾಪ. ಯಾವುದು ಒತ್ಲಿ ಹೇಳು.”

ಯಾವ ಎರಡು ಕೀಲಿ ಎಂಬುದು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಫ್ಯಾನಿನ ಸದ್ದಿಗೇ ಕಿವಿಗೊಟ್ಟಳು.

“ಹೇಳೇ ತಾಯಿ,” ಎಂದರು ಅತ್ತೆ, ಬೆರಳನ್ನು ಕೀಲಿಮಣೆಯ ಮೇಲೇ ಹಿಡಿದು.