ಪೆಂಡರ್ ಮನೆಯ ಕಸದ ಡಬ್ಬ

ಹ್ಯಾಡ್ಲೋ ಊರಿನ ಕೋರ್ಟು ಚೌಕ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹೇಗಿರುತ್ತದೆ ಅಂತ ಕೊರಿನ್‌ಗೆ ಗೊತ್ತೇ ಇರಲಿಲ್ಲ. ಅದೇ ಊರಲ್ಲಿ ಮನೆ ಕೊಂಡು ನಾಲ್ಕು ವರ್ಷವಾಗಿತ್ತು, ನೋಡಿ! ಕತ್ತಲಲ್ಲೇ ಕಾರು ಹತ್ತಿ ನಗರಕ್ಕೆ ಹೋಗುವುದು, ಕತ್ತಲಾದ ಮೇಲೆ ಬಂದು ಬೀಳುವುದು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರೆ. ಇವಳು ಬಂದೇ ಇರಲಿಲ್ಲ.

ಈ ಊರಿನ ಬಗ್ಗೆ ಆಫೀಸಿನಲ್ಲಿ ಅವಳು ಹೇಳಿಕೊಳ್ಳುತ್ತಿದ್ದ ಹೆಮ್ಮೆ ಒಂದೇ, ಕಸದ ಗಾಡಿಯವರು. ಸೋಮವಾರ ರಾತ್ರಿ ಬೀದಿಗಿಟ್ಟ ಡಬ್ಬ ಮಂಗಳವಾರ ಸಂಜೆ ಮೆಟ್ಟಿಲ ಪಕ್ಕ ಒಪ್ಪವಾಗಿ ನಿಂತಿರುತ್ತಿತ್ತು. ಕ್ರಿಸ್ಮಸ್‌ಗೆ ಅವರಿಗೆಂದು ಡಬ್ಬದ ಮೇಲೆ ತಾನೇ ಮಾಡಿದ ಬಿಸ್ಕತ್ತಿನ ಡಬ್ಬಿ ಇಟ್ಟಿದ್ದಳು. ಅದು ತೊಳೆದು, ಒರೆಸಿ, ಕಪ್ಪು ಆಕ್ರೋಟಿನ ಕಾಯಿ ತುಂಬಿಕೊಂಡು ವಾಪಸು ಬಂದಿತ್ತು. ಅಬ್ಬಾ, ಎಂಥ ಗಟ್ಟಿ ಕಾಯಿ! ಸುತ್ತಿಗೆಯಲ್ಲಿ ಒಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡಿದ್ದಳು. ಆದರೆ ಕಸದವರಿಂದಾಚೆ ಊರು ಅವಳ ಕೈಗೆ ಸಿಕ್ಕಿರಲಿಲ್ಲ. ಮನೆ ಮಾರುವ ಕಾಗದ ಚೀಲದಲ್ಲಿತ್ತು, ಸಹಿ ಒಂದು ಬಾಕಿ. ಅಷ್ಟರಲ್ಲಿ, ಊರವರೇ ಕೂತು ತೀರ್ಪು ಹೇಳುವ ಜ್ಯೂರಿಗೆ ಬಾ ಅಂತ ಕೋರ್ಟಿನ ಕರೆ ಬಂದಿತ್ತು.

ಕೋರ್ಟಿನ ಬೆಂಚಿನಲ್ಲಿ ಪಕ್ಕ ಕೂತವಳು ಚೌಕದ ಹೋಟೆಲಿನ ವಿಲ್ಮಾ. ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀನೇ ಅಲ್ವಾ ಪೆಂಡರ್ ಮನೆಯವಳು?”

“ಅದು ನನ್ನ ಮನೆ.”

“ಅದೇ, ಪೆಂಡರ್ ಮನೆ,” ಅಂದಳು ವಿಲ್ಮಾ.

ವ್ಯಾಜ್ಯ ಒಂದು ಆಕ್ರೋಟಿನ ಮರದ್ದು. ನಿವೃತ್ತ ಪೋಸ್ಟ್‌ಮ್ಯಾನ್ ಟ್ಯಾಕೆಟ್ ತಾತನ ಮರವನ್ನು ಪಕ್ಕದವನು ಕಡಿದು ಮಾರಿಕೊಂಡನಂತೆ. ಅವನ ಪ್ರಕಾರ ಮರ ಒಂದು ಸೋಮವಾರ ರಾತ್ರಿಯ ಗಾಳಿಗೇ ಬಿದ್ದದ್ದು. ಟ್ಯಾಕೆಟ್‌ರನ್ನು ಬಲ್ಲವರು ಕೈ ಎತ್ತಿ ಎಂದರು ನ್ಯಾಯಾಧೀಶರು. ನಲವತ್ತು ವರ್ಷ ಮನೆಮನೆಗೂ ಕಾಗದ ಹಂಚಿದ ಮನುಷ್ಯ, ಕೇಳಬೇಕೇ? ಕೊರಿನ್ ಒಬ್ಬಳನ್ನು ಬಿಟ್ಟು ಎಲ್ಲರ ಕೈ ಮೇಲೆ.

“ನಿಮಗೆ ಯಾರೂ ಗೊತ್ತಿಲ್ವಾ?”

“ಯಾರೂ ಇಲ್ಲ, ಸ್ವಾಮಿ.”

“ಇಂಥವರೇ ನಮಗೆ ಬೇಕಾಗಿರೋದು.”

ಹಿಂದೆ ಯಾರೋ ಕಿಸಕ್ಕೆಂದರು. ಟ್ಯಾಕೆಟ್‌ಗೆ ತೀರ ಬೇಕಾದವರನ್ನೆಲ್ಲ ಕಳಿಸಿ ಆರು ಜನರನ್ನು ಆರಿಸಿದರು, ಜೊತೆಗೆ ಒಬ್ಬ ಹೆಚ್ಚುವರಿ. ಮೊದಲ ಕುರ್ಚಿ ಕೊರಿನ್‌ಗೆ. ಅವಳಿಗೆ ಹೆಮ್ಮೆಯಾಯಿತು. ನಾಲ್ಕು ವರ್ಷದಲ್ಲಿ ಊರು ಅವಳಿಗೆ ಕೊಟ್ಟ ಮೊದಲ ಜಾಗ ಅದು, ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಮಧ್ಯಾಹ್ನ ಟ್ಯಾಕೆಟ್ ಸಾಕ್ಷಿ ಹೇಳಲು ಕೂತ. ಎಪ್ಪತ್ತೆಂಟರ ಸಣಕಲು ಆಸಾಮಿ, ಬೂಟು ಮಾತ್ರ ಫಳಫಳ.

“ಮಂಗಳವಾರ ಬೆಳಗ್ಗೆ ಆರೂ ಮುಕ್ಕಾಲಕ್ಕೆ ಮರ ನಿಂತಿತ್ತು. ಅದರ ಕೆಳಗೇ ಹಾದು ಹೋದೆ.”

“ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳ್ತೀರಿ?” ಪಕ್ಕದವನ ವಕೀಲ ಕೆಣಕಿದ. “ಆ ಹೊತ್ತಲ್ಲಿ ಎಲ್ಲಿಗೆ ಹೊರಟಿದ್ರಿ?”

“ಪೆಂಡರ್ ಮನೆ ಕಸದ ಡಬ್ಬ ಒಳಗಿಡೋಕೆ. ಪ್ರತಿ ಮಂಗಳವಾರ ಅದೇ ಹೊತ್ತು.”

ಕೊರಿನ್ ಕುರ್ಚಿಯ ಅಂಚಿಗೆ ಸರಿದು ಕೂತಳು.

“ಆ ಮನೆಯವರು ಮಾಡಿ ಅಂದ್ರಾ?”

“ಮಿಸ್ ಪೆಂಡರ್ ಅಂದಿದ್ರು. ಮೂವತ್ತು ವರ್ಷ ಮಾಡಿದೆ. ಅವರು ತೀರಿಕೊಂಡ್ರು, ನಿಲ್ಸು ಅಂತ ಯಾರೂ ಹೇಳ್ಲಿಲ್ಲ. ಈಗಿನ ಹುಡುಗಿ ಬೆಳಕು ಹರಿಯೋಕೆ ಮುಂಚೇನೇ ಹೊರಟುಬಿಡ್ತಾಳೆ. ಡಬ್ಬ ಬೀದೀಲೇ ಬಿದ್ದಿದ್ರೆ ಮನೇಲಿ ಯಾರೂ ಇಲ್ಲ ಅಂತ ಡಂಗುರ ಹೊಡೆದ ಹಾಗಲ್ವಾ?”

“ಈಗಿನವರ ಹೆಸರು?”

“ಊರವರ ಕಾಗದದ ಮೇಲಿನ ಹೆಸರು ಓದೋ ಕೆಲಸ ಬಿಟ್ಟು ಹದಿಮೂರು ವರ್ಷ ಆಯ್ತಪ್ಪಾ. ಮುಖಾನೂ ನೋಡಿಲ್ಲ. ಬಿಸ್ಕತ್ತು ಮಾತ್ರ ಚೆನ್ನಾಗಿ ಮಾಡ್ತಾಳೆ.”

ಬಾಯಿ ಮುಚ್ಚಿಕೊಂಡರೆ ಕುರ್ಚಿ ಉಳಿಯುತ್ತದೆ. ಯಾರಿಗೆ ಗೊತ್ತಾಗಬೇಕು? ಕೊರಿನ್ ಹೆಬ್ಬೆರಳನ್ನು ನೋಡಿಕೊಂಡಳು, ಉಗುರಿನ ಕಪ್ಪು ಇನ್ನೂ ಪೂರ್ತಿ ಹೋಗಿರಲಿಲ್ಲ. ಕೈ ಎತ್ತಿಯೇಬಿಟ್ಟಳು.

“ಸ್ವಾಮಿ, ಬೆಳಗ್ಗೆ ಯಾರೂ ಗೊತ್ತಿಲ್ಲ ಅಂದಿದ್ದೆ. ಅದು ಸುಳ್ಳಾಗೋಯ್ತು. ಆ ಹುಡುಗಿ ನಾನೇ. ಆ ಮರದ ಕಾಯಿ ತಿಂದಿದೀನಿ.”

ಕೋರ್ಟೆಲ್ಲ ಗೊಳ್ಳೆಂದಿತು. ವಕೀಲ ಹಣೆ ಚಚ್ಚಿಕೊಂಡ. ಟ್ಯಾಕೆಟ್ ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದ. “ಒಡೆಯೋಕೆ ಸುತ್ತಿಗೆ ಇತ್ತೇನಮ್ಮ?”

“ಇತ್ತು ತಾತ. ಬೆರಳೂ ಒಡೀತು.”

ನ್ಯಾಯಾಧೀಶರು ಮೇಜು ಕುಟ್ಟಿದರು. “ನಿಮ್ಮನ್ನ ಇಟ್ಕೊಳ್ಳೋ ಹಾಗಿಲ್ಲಮ್ಮ. ನೀವೂ ಈಗ ಈ ಊರಿನವರೇ ಆಗ್ಬಿಟ್ರಿ.”

ಹೆಚ್ಚುವರಿಯವನು ಅವಳ ಕುರ್ಚಿಗೆ ಬಂದ. ಕೊರಿನ್ ಜ್ಯೂರಿಯ ಕಟಕಟೆ ಇಳಿದಳು. ಈಗಲೂ ಹೊರಟರೆ ಅರ್ಧ ದಿನದ ಕೆಲಸಕ್ಕೆ ನಗರ ಸೇರಬಹುದಿತ್ತು. ವಾದ ಕೇಳುವ ಆಸೆಗೆ ಹಿಂದಿನ ಬೆಂಚಿನಲ್ಲೇ ಉಳಿದಿದ್ದ ವಿಲ್ಮಾ ಪಕ್ಕದಲ್ಲಿದ್ದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಬಿಟ್ಟಳು.

“ಬಾರೇ, ಕೂತ್ಕೋ. ಹೆಸರೇನು ನಿಂದು?”

“ಕೊರಿನ್.”

“ಮನೆ ಮಾರ್ತೀಯಂತೆ, ಕೊರಿನ್?”

ಕೊರಿನ್ ಆ ಕಾಗದವಿದ್ದ ಚೀಲವನ್ನು ಬೆಂಚಿನಡಿಗೆ ತಳ್ಳಿ ಕೂತಳು.

“ಇವತ್ತು ಸೋಮವಾರ,” ಅಂದಳು. “ರಾತ್ರಿ ಡಬ್ಬ ಹೊರಗಿಡಬೇಕು.”