ತಂತಿಯ ಮೇಲಿನ ಸರದಿ

ಕೊಯ್ಲು ಶುರುವಾಗಿ ಊರೆಲ್ಲ ಹೊಲದಲ್ಲಿದ್ದರೂ ಬಡಗಿಯನ್ನು ಹೊರಲು ನಾಲ್ಕು ಹೆಗಲು ಸಿಕ್ಕವು. ಆದರೆ ಚಟ್ಟ ನಡುಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಬಾಗಿಲು ನೆಲ ಕೆರೆಯುತ್ತ ಅರ್ಧ ತೆರೆದು ನಿಂತುಬಿಟ್ಟಿತ್ತು.

"ತಳ್ಳಬೇಡ್ರೋ, ಹಿಂದಕ್ಕೆ ತಗೊಳ್ಳಿ," ಎಂದ ಕಮ್ಮಾರ.

"ಊರಿಗೆಲ್ಲ ಬಾಗಿಲು ಕೂರಿಸಿದೋನು, ಅವನ ಮನೆ ಬಾಗಿಲು ನೋಡು," ಎಂದಳು ಪಕ್ಕದ ಮನೆಯ ಅಜ್ಜಿ. "ದೀಪದ ಬುಡ ಕತ್ತಲೆ."

ಸತ್ತವನ ಹೆಂಡತಿ ತಲೆಯೆತ್ತಲಿಲ್ಲ. ಬಡಗಿಯ ತಮ್ಮ, ಅವನೂ ಬಡಗಿಯೇ, ತಿರುಪುಗಳನ್ನು ಬಿಚ್ಚಿ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿದ. ಅಣ್ಣ ಹೊರಗೆ ಹೋದ.

*

ಬಡಗಿ ಬಾಯಿಮಾತಿಗೆ ಕೆಲಸ ಹಿಡಿಯುತ್ತಿರಲಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಕೆಲಸಕ್ಕೊಂದು ಚೀಟಿ. ಬಂದ ಸರದಿಯಂತೆ ಅದನ್ನು ತಂತಿಗೆ ಪೋಣಿಸುವುದು. ಕೆಲಸ ಮುಗಿದರೆ ಒಲೆಗೆ. ಒಡಹುಟ್ಟಿದವನ ಮಂಚಕ್ಕೂ ಅದೇ ಸರದಿ.

"ಬಾಗಿಲು ಕೆರೀತಿದೆ ಅಂತ ಎಷ್ಟು ಸಲ ಹೇಳ್ಲಿ?"

"ಚೀಟಿ ಬರೆದು ಹಾಕು."

"ನಾನೇನು ಗಿರಾಕಿನಾ? ಕಟ್ಟಿಕೊಂಡ ಗಂಡನಿಗೆ ಚೀಟಿ ಬರೀಬೇಕಾ? ನೀವೇ ಬರ್ಕೊಳ್ಳಿ."

"ಕೆಲಸ ಹೇಳಿದೋರು ಬರೀಬೇಕು ಕಣೇ. ಇಲ್ಲಾಂದ್ರೆ ನೆನಪಿರಲ್ಲ."

ಒಮ್ಮೆ ಅವನೇ ಖಾಲಿ ಚೀಟಿ, ಪೆನ್ಸಿಲು ತಂದು ಒಲೆಯ ಪಕ್ಕ ಇಟ್ಟುಹೋದ. ಅವಳು ಆ ಚೀಟಿಯಿಂದಲೇ ಒಲೆ ಹೊತ್ತಿಸಿದಳು. ಅವನು ನೋಡಿ ನಕ್ಕ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಬಾಗಿಲು ಕೆರೆಯುತ್ತಲೇ ಇತ್ತು.

*

ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು ಹೊಲಕ್ಕೆ ಹೊರಟರು. ಮನೆಯಲ್ಲೇ ಉಳಿದ ಮೈದುನ ಅಣ್ಣನ ಹತ್ತರಿ ಹುಡುಕಿ ತಂದು ಬಾಗಿಲನ್ನು ಅಡ್ಡ ಮಲಗಿಸಿದ.

"ಬುಡ ಒಂಚೂರು ಹೆರೆದ್ರೆ ಸಾಕು ಅತ್ತಿಗೆ. ಈಗಲೇ ಕೂರಿಸಿಬಿಡ್ತೀನಿ."

"ತಂತೀಲಿರೋ ಕೆಲಸ?"

"ಎಲ್ಲಾ ನಾನೇ ಮುಗಿಸಿಕೊಡ್ತೀನಿ. ಅಣ್ಣನ ಮಾತು ಉಳೀಬೇಕಲ್ಲ."

"ಹಾಗಾದ್ರೆ ಬಾಗಿಲು ಬಿಡು."

"ಅಯ್ಯೋ, ಇದಕ್ಕೂ ಸರದಿನಾ? ನೀವೂ ಅವನ ಥರಾನೇ ಆಗ್ಬಿಟ್ರಾ?"

ಅವಳು ಕ್ಯಾಲೆಂಡರಿನ ಹಾಳೆಯ ತುದಿ ಹರಿದಳು. ಬಡಗಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಮೋಟು ಪೆನ್ಸಿಲಿನಿಂದ, ಗಿರಾಕಿಗಳು ಬರೆಯುವಂತೆ, ಮೊದಲು ತನ್ನ ಹೆಸರು ಬರೆದಳು. ಕೆಳಗೆ, ನಡುಮನೆ ಬಾಗಿಲು. ಚೀಟಿಯನ್ನು ಎಲ್ಲಕ್ಕಿಂತ ಹಿಂದೆ ಪೋಣಿಸಿದಳು.

ಮೈದುನ ಹತ್ತರಿ ಕೆಳಗಿಟ್ಟ. ಬಾಗಿಲನ್ನೆತ್ತಿ ಮತ್ತೆ ಗೋಡೆಗೆ ಒರಗಿಸಿದ. ತಂತಿಯ ಮೊದಲ ಚೀಟಿ ಓದಿ, ಕಾಲು ಮುರಿದ ಕುರ್ಚಿಯೊಂದನ್ನು ಅಂಗಳಕ್ಕೆ ತಂದ.

ಅವಳು ಹಳೆಯ ಸೀರೆಯೊಂದನ್ನು ತಂದು, ತೆರೆದ ಬಾಗಿಲುವಾಡಕ್ಕೆ ಅಡ್ಡ ಕಟ್ಟತೊಡಗಿದಳು.