ತಮ್ಮನ ಇಪ್ಪತ್ತು ಮುಖಗಳು

ಕಳೆದುಹೋದಾಗ ತಮ್ಮನಿಗೆ ಒಂಬತ್ತು ವರ್ಷ. ಆಗಿನ ಎರಡು ಫೋಟೋಗಳನ್ನು ಕಲಾವಿದನಾದ ಅಣ್ಣ ತನ್ನ ಚಿತ್ರಪ್ರದರ್ಶನದ ಬಾಗಿಲಲ್ಲೇ ತೂಗುಹಾಕಿದ್ದ. ಪಕ್ಕದಲ್ಲಿ, ಬೆಳೆಯುತ್ತ ಬೆಳೆಯುತ್ತ ತಮ್ಮ ಹೇಗಾಗಿರಬಹುದೆಂದು ಊಹಿಸಿ ವರ್ಷಕ್ಕೊಂದರಂತೆ ಬರೆದ ಇಪ್ಪತ್ತು ಚಿತ್ರಗಳು. ಯಾರಾದರೂ ಗುರುತು ಹಿಡಿದಾರೆಂಬ ಆಸೆ. ಬಂದವರು ಬಣ್ಣ ಹೊಗಳಿ ಹೊರಟರೆ ಅವನಿಗೆ ಮೈ ಉರಿಯುತ್ತಿತ್ತು.

ಕೊನೆಯ ದಿನ, ಅವನಿಗೆ ಕ್ಷೌರ ಮಾಡುವವನು ಚಿತ್ರಗಳ ಮುಂದೆ ಗಕ್ಕನೆ ನಿಂತ.

“ಈ ಮುಖ ಎಲ್ಲಾದ್ರೂ ನೋಡಿದೀಯೇನಯ್ಯಾ?” ಕಲಾವಿದ ಅವನತ್ತ ಧಾವಿಸಿದ.

“ನೋಡ್ದೆ ಏನು ಸ್ವಾಮಿ! ತಿಂಗಳಿಗೊಂದ್ಸಲ ಈ ಗಲ್ಲ ಕೆರೀತೀನಿ. ಇವೆಲ್ಲ ನೀವೇ ಅಲ್ವಾ?”

ಅದೇ ಹುಬ್ಬು, ಅದೇ ಮೂಗು. ಇಪ್ಪತ್ತೂ ಅವನದೇ ಮುಖ.

ಮೂಲೆಯಲ್ಲಿ ಕೂತಿದ್ದ ಅಕ್ಕನ ಮೇಲೆ ರೇಗಿದ. “ಮೊದಲೇ ಹೇಳೋಕೇನಾಗಿತ್ತು ನಿಂಗೆ?”

ಅಕ್ಕ ತಲೆಯೆತ್ತಲಿಲ್ಲ. “ಆ ಎರಡು ಫೋಟೋ ಬಿಟ್ರೆ ಅವನ ಮುಖ ನಂಗೂ ನೆನಪಿಲ್ಲ ಕಣೋ.”